ಕರಿ ಎಮ್ಮೆ, ಬಿಳಿ ಹಕ್ಕಿ

ಕಳೆದ ಚಳಿಗಾಲದಲ್ಲಿ ಒಂದು ಹಕ್ಕಿಯ ವಿಳಾಸ ನನ್ನ ಕೈತಪ್ಪಿತು.

ತಮ್ಮನ ಮಗಳನ್ನು ಕರೆದುಕೊಂಡು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಿದ್ದೆ. 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿದ ಕೆರೆ ಅದು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಬೀಡುಬಿಡುತ್ತವೆ. ಹಿಂಡಿನಲ್ಲಿ ಒಂದರ ಕೊರಳಿಗೆ ಬಣ್ಣದ ಪಟ್ಟಿ ಇತ್ತು! ಮಂಗೋಲಿಯಾದಲ್ಲಿ ಸಂಶೋಧಕರು ಇಂಥ ಪಟ್ಟಿ ತೊಡಿಸಿ ಬಿಡುತ್ತಾರೆ. ಅದರ ಮೇಲಿನ ಅಕ್ಷರ, ಅಂಕಿ ಓದಿ ತಿಳಿಸಿದರೆ ಹಕ್ಕಿ ಹೊರಟ ಊರು ಗೊತ್ತಾಗುತ್ತದೆ. ಸಂಭ್ರಮದಿಂದ ಇಪ್ಪತ್ತು ಚಿತ್ರ ತೆಗೆದೆ.

ಮಲ್ಲಸಮುದ್ರದ ಮನೆಗೆ ಬಂದು ನೋಡಿದರೆ ಹುಡುಗಿ ಅಂದಳು, ‘ದೊಡ್ಡಪ್ಪ, ಬರೇ ಕರಿ ಗೊಂಬಿ ಬಂದಾವಲ್ಲ! ನಂಬರ್ ಎಲ್ಲೈತಿ?’

ಸೂರ್ಯ ಎದುರಿಗಿದ್ದ, ನೀರು ಥಳಥಳ ಹೊಳೆಯುತ್ತಿತ್ತು. ಕ್ಯಾಮೆರಾಗೆ ಹಕ್ಕಿ ಯಾವುದು, ನೀರು ಯಾವುದು ತಿಳಿಯದು. ಕಂಡದ್ದನ್ನೆಲ್ಲ ಸೇರಿಸಿ ಸರಾಸರಿ ಬೂದು ಬಣ್ಣಕ್ಕೆ ತರುವುದಷ್ಟೇ ಅದಕ್ಕೆ ಗೊತ್ತು. ಬೆಳಕು ಜಾಸ್ತಿ ಎಂದು ಕಡಿಮೆ ಮಾಡಿತು, ಹಕ್ಕಿ ಕಪ್ಪಾಯಿತು. ಕಂಪ್ಯೂಟರಿನಲ್ಲಿ ಬೆಳಕು ಏರಿಸಿ ನೋಡಿದೆ. ಮಸಿ ಬೂದಿಯಾಯಿತೇ ಹೊರತು ಅಂಕಿ ಮೂಡಲಿಲ್ಲ. ಅಲ್ಲೇ ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಗುಂಡಿಯನ್ನು ಪ್ಲಸ್ 1ಕ್ಕೋ 1.5ಕ್ಕೋ ತಿರುಗಿಸಿದ್ದರೆ ಸಾಕಿತ್ತು. ನೀರು ಬೆಳ್ಳಗೆ ಸುಟ್ಟುಹೋದರೆ ಹೋಗಲಿ, ನಮಗೆ ಬೇಕಾದದ್ದು ಕೊರಳು ತಾನೆ? ಅದಕ್ಕಿಂತ ಸುಲಭವೆಂದರೆ ಸೂರ್ಯನಿಗೆ ಬೆನ್ನು ಕೊಟ್ಟು ನಿಲ್ಲುವುದು. ನಡೆಯುವ ಸೋಮಾರಿತನಕ್ಕೆ ನಾನು ದಂಡ ತೆತ್ತೆ.

ಮರುದಿನದಿಂದ ಊರಲ್ಲೇ ಅಭ್ಯಾಸ. ಗುರು ಯಾರು ಗೊತ್ತೇ? ಎಮ್ಮೆ, ಅದರ ಬೆನ್ನೇರಿ ಕೂತ ಬೆಳ್ಳಕ್ಕಿ! ಇಲ್ಲಿ ಲೆಕ್ಕ ತಿರುಗುಮುರುಗು. ಕರಿ ಎಮ್ಮೆಯೇ ಚಿತ್ರ ತುಂಬಿದ್ದರಿಂದ ಕ್ಯಾಮೆರಾ ಬೆಳಕು ಹೆಚ್ಚಿಸುತ್ತದೆ, ಹಕ್ಕಿ ಗರಿಯೇ ಇಲ್ಲದ ಸುಣ್ಣದ ಉಂಡೆಯಾಗುತ್ತದೆ. ಆಗ ಮೈನಸ್ ಕಡೆಗೆ ತಿರುಗಿಸಬೇಕು. ಕಪ್ಪಾದದ್ದನ್ನು ಆಮೇಲೆ ಸ್ವಲ್ಪವಾದರೂ ಎತ್ತಬಹುದು, ಪೂರ್ತಿ ಬೆಳ್ಳಗಾದ ಗರಿ ಮರಳಿ ಬಾರದು. ನಿಮ್ಮ ಮನೆಯ ಮೊಬೈಲಿನಲ್ಲೂ ಪರೀಕ್ಷಿಸಿ. ಪರದೆಯಲ್ಲಿ ಹಕ್ಕಿಯನ್ನು ಮುಟ್ಟಿದರೆ ಬಹುತೇಕ ಫೋನುಗಳಲ್ಲಿ ಪುಟ್ಟ ಸೂರ್ಯನ ಗುರುತು ಬರುತ್ತದೆ, ಮೇಲೆ ಕೆಳಗೆ ಸರಿಸಿ ನೋಡಿ.

ಎರಡು ವಾರ ಬಿಟ್ಟು ಮತ್ತೆ ಮಾಗಡಿಗೆ ಹೋದೆವು. ಈ ಸಲ ಕೆರೆ ಸುತ್ತಿ, ಬಿಸಿಲು ಬೆನ್ನಿಗೆ ಬೀಳುವ ಕಡೆ ಕೂತೆವು. ತಲೆಯ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಕಣ್ಣಿನ ಹೊಳಪು ಎಲ್ಲವೂ ಸ್ಪಷ್ಟವಾಗಿ ಬಂದವು. ಹುಡುಗಿ ಒಂದೊಂದೇ ಕೊರಳು ನೋಡುತ್ತ ಹೋದಳು. ಪಟ್ಟಿ ಹಾಕಿಕೊಂಡ ಆ ಹೆಬ್ಬಾತು ಮಾತ್ರ ಹಿಂಡಿನಲ್ಲಿ ಇರಲಿಲ್ಲ.