ಅರಿಷ್ಟಲಕ್ಷಣ ಮತ್ತು ಸಲ್ಲೇಖನೆ: ಶಾಸ್ತ್ರಸಾಹಿತ್ಯದ ಮರೆತುಹೋದ ಪ್ರಶ್ನೆ

‘ವಡ್ಡಾರಾಧನೆ’ಯ ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಓದಿದ ವಿದ್ಯಾರ್ಥಿಗಳಿಗೆ ಅದರ ವೈರಾಗ್ಯ ನೆನಪಿರುತ್ತದೆ, ವೈದ್ಯ ನೆನಪಿರುವುದಿಲ್ಲ. ಚಕ್ರವರ್ತಿಯ ರೂಪವನ್ನು ಕಣ್ಣಾರೆ ಕಾಣಲು ಬಂದ ದೇವತೆಗಳು ಎರಡನೆಯ ಸಲ ನೋಡುವಷ್ಟರಲ್ಲೇ ಆ ರೂಪ ಕುಂದಿದೆಯೆನ್ನುತ್ತಾರೆ. ಉಳಿದವರ ಕಣ್ಣಿಗೆ ಬೀಳದ ಇಳಿತ ಅದು. ಮುಂದೆ ಮುನಿಯಾದ ಸನತ್ಕುಮಾರನನ್ನು ರೋಗಗಳು ಮುತ್ತಿದಾಗ ವೈದ್ಯನ ವೇಷ ತೊಟ್ಟು ಬಂದವನನ್ನು ಆತ ಕೇಳುವುದು ಹುಟ್ಟುಸಾವುಗಳೆಂಬ ವ್ಯಾಧಿಯ ಮದ್ದನ್ನು. ಇದನ್ನು ನಾವು ರೂಪಕವೆಂದು ಪಾಠ ಹೇಳಿ ಮುಗಿಸುತ್ತೇವೆ. ಆದರೆ ಮೈಯ ಗುರುತನ್ನು ಮೊದಲು ಓದುವ ಕಣ್ಣು, ಆ ಓದಿನ ಮೇಲೆ ಮಾಡುವ ನಿರ್ಧಾರ, ಇವೆರಡೂ ಜೈನಪರಂಪರೆಯಲ್ಲಿ ರೂಪಕಮಾತ್ರವಾಗಿರಲಿಲ್ಲ ಎಂಬುದು ನನ್ನ ವಾದ.

ಮೈಯ ಹೊರಗುರುತಿನಿಂದ ಒಳರೋಗವನ್ನು ಅರಿಯುವ ವಿದ್ಯೆ ಯಾವ ಒಂದು ನಾಡಿನದೂ ಅಲ್ಲ. ಚೀನೀ ವೈದ್ಯರು ನೋಡುವುದು, ಆಲಿಸುವುದು ಮತ್ತು ಮೂಸುವುದು, ಕೇಳುವುದು, ನಾಡಿ ಹಿಡಿಯುವುದು ಎಂದು ನಾಲ್ಕು ಪರೀಕ್ಷೆಗಳನ್ನು ಹೇಳಿದರು. ನಮ್ಮವರು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರನ್ನು ಹೇಳಿದರು. (ನಾಡೀಪರೀಕ್ಷೆಯನ್ನು ಚರಕನಷ್ಟೇ ಹಳೆಯದೆಂದು ಹೆಮ್ಮೆಪಡುವವರಿದ್ದಾರೆ. ಚರಕಸುಶ್ರುತರಲ್ಲಿ ಅದು ರೋಗನಿರ್ಣಯದ ವ್ಯವಸ್ಥಿತ ಕ್ರಮವಾಗಿ ಇಲ್ಲ. ಶಾರ್ಙ್ಗಧರನ ಕಾಲಕ್ಕೆ ಕಾಣಿಸಿಕೊಳ್ಳುತ್ತದೆ. ಚೀನದಲ್ಲಿ ವಾಂಗ್ ಶುಹೆಯ ನಾಡೀಗ್ರಂಥ ಕ್ರಿ.ಶ. 3ನೆಯ ಶತಮಾನದ್ದು.) ಚೀನದ ಬಿಯಾನ್ ಚುಯೆ ಎಂಬ ವೈದ್ಯನ ಕಥೆಯೊಂದಿದೆ. ಅರಸನ ಮುಖ ನೋಡಿ ರೋಗ ಚರ್ಮದಲ್ಲಿದೆ ಎಂದ, ಅರಸ ನಂಬಲಿಲ್ಲ. ಮುಂದೆ ಮಾಂಸದಲ್ಲಿದೆ, ಕರುಳಿನಲ್ಲಿದೆ ಎಂದ, ಆಗಲೂ ನಂಬಲಿಲ್ಲ. ಕೊನೆಗೆ ರೋಗ ಮಜ್ಜೆಗಿಳಿದುದನ್ನು ಕಂಡ ವೈದ್ಯ ಮಾತಾಡದೆ ಹಿಂದಿರುಗಿ ದೇಶವನ್ನೇ ಬಿಟ್ಟುಹೋದ. ವಾಸಿಯಾಗದ ರೋಗವನ್ನು ಕಂಡ ವೈದ್ಯ ಏನು ಮಾಡಬೇಕು? ಅಲ್ಲಿನ ಉತ್ತರ: ಎದ್ದುಹೋಗಬೇಕು.

ಚರಕಸಂಹಿತೆಯ ಇಂದ್ರಿಯಸ್ಥಾನದ 12 ಅಧ್ಯಾಯಗಳ ವಿಷಯ ಅರಿಷ್ಟ, ಅಂದರೆ ಸಾವನ್ನು ಸೂಚಿಸುವ ಲಕ್ಷಣಗಳು: ಬಣ್ಣ, ಸ್ವರ, ವಾಸನೆ, ನೆರಳು, ಕನಸು. ಅದರ ಕೊನೆಯಲ್ಲಿ ಬರುವ ಒಂದು ವಿಧಿಯನ್ನು ಗಮನಿಸಬೇಕು. ಸಾವಿನ ಗುರುತು ಕಂಡರೂ ಕೇಳದಿದ್ದಲ್ಲಿ ವೈದ್ಯ ಅದನ್ನು ಹೇಳಬಾರದು; ಕೇಳಿದರೂ ರೋಗಿಗೋ ಆತನ ಬಂಧುಗಳಿಗೋ ಆಘಾತವಾಗುವಂತಿದ್ದರೆ ಹೇಳಬಾರದು. ಇದು ಕರುಣೆಯ ಮೌನ. ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುತ್ತಿರುವುದು ಇದೇ.

ಜೈನರ ಉತ್ತರ ಬೇರೆ. ದುರ್ಗದೇವನೆಂಬ ಜೈನ ವಿದ್ವಾಂಸ 1032ರಲ್ಲಿ ಪ್ರಾಕೃತದಲ್ಲಿ ‘ರಿಷ್ಟಸಮುಚ್ಚಯ’ವನ್ನು ರಚಿಸಿದ. ಅವನು ರಿಷ್ಟಗಳನ್ನು ಪಿಂಡಸ್ಥ, ಪದಸ್ಥ, ರೂಪಸ್ಥ ಎಂದು ಮೂರಾಗಿ ವಿಂಗಡಿಸುತ್ತಾನೆ. ಮೊದಲನೆಯದು ದೇಹದಲ್ಲೇ ಕಾಣುವಂಥದು. ಈ ತಿಳಿವಿನ ಪ್ರಯೋಜನವೆಂದರೆ ಸಲ್ಲೇಖನೆಗೆ ಸಿದ್ಧನಾಗುವುದು. ಎಂದರೆ ಇಲ್ಲಿ ಲಕ್ಷಣವನ್ನು ಮುಚ್ಚಿಡುವಂತಿಲ್ಲ. ಯಾರ ಮೈಯಲ್ಲಿ ಅದು ಕಂಡಿದೆಯೋ ಅವನೇ ಅದನ್ನು ಓದಬೇಕು, ಇಲ್ಲವೇ ಅವನಿಗೆ ಓದಿ ಹೇಳಬೇಕು. ಅವನನ್ನು ಬಿಟ್ಟುಹೋಗುವಂತೆಯೂ ಇಲ್ಲ. ‘ಭಗವತೀ ಆರಾಧನಾ’ ಒಬ್ಬ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರನ್ನು ವಿಧಿಸುತ್ತದೆ.

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಉಗ್ರಾದಿತ್ಯಾಚಾರ್ಯನ ಸಂಸ್ಕೃತ ‘ಕಲ್ಯಾಣಕಾರಕ’ದ ಬಗ್ಗೆ ನಮ್ಮ ಸಾಹಿತ್ಯಚರಿತ್ರೆಗಳು ಹೇಳುವುದು ಸಾಮಾನ್ಯವಾಗಿ ಒಂದೇ ಸಂಗತಿ: ಮಾಂಸ, ಮದ್ಯ, ಮಧುಗಳನ್ನು ಬಿಟ್ಟು ಚಿಕಿತ್ಸೆ ಹೇಳಿದ ಗ್ರಂಥ. ಅದು ನಿಜ. ಮಾಂಸದ ನಿಷ್ಪ್ರಯೋಜಕತೆಯನ್ನು ರಾಜಸಭೆಯಲ್ಲಿ ವಾದಿಸಿದ ‘ಹಿತಾಹಿತಾಧ್ಯಾಯ’ ಅದರ ಪರಿಶಿಷ್ಟ. ಆದರೆ 25 ಪರಿಚ್ಛೇದಗಳ ಆ ಗ್ರಂಥಕ್ಕೆ ಇನ್ನೊಂದು ಪರಿಶಿಷ್ಟವೂ ಇದೆ, ‘ರಿಷ್ಟಾಧ್ಯಾಯ’. ಅದನ್ನು ಯಾರೂ ಎತ್ತುವುದಿಲ್ಲ. ಆಹಾರದ ಶುದ್ಧಿಯ ಬಗ್ಗೆ ನಮಗಿರುವ ಆಸಕ್ತಿ ಸಾವಿನ ನಿರ್ಣಯದ ಬಗ್ಗೆ ಇಲ್ಲವೆಂದೇ ಇದರ ಅರ್ಥವೆಂದು ನಾನು ತಿಳಿಯುತ್ತೇನೆ.

ಈ ಅನಾಸಕ್ತಿಯಿಂದ ಆಗಿರುವ ನಷ್ಟ ದೊಡ್ಡದು. ‘ರತ್ನಕರಂಡಕ ಶ್ರಾವಕಾಚಾರ’ ಸಲ್ಲೇಖನೆಗೆ ಸೂಚಿಸುವ ಸಂದರ್ಭಗಳು ಉಪಸರ್ಗ, ದುರ್ಭಿಕ್ಷ, ಮುಪ್ಪು ಮತ್ತು ರೋಗ. ಅವು ಪ್ರತೀಕಾರವಿಲ್ಲದವಾಗಿರಬೇಕೆಂಬುದು ಷರತ್ತು. ಪ್ರತೀಕಾರವಿಲ್ಲವೆಂಬುದು ಭಕ್ತಿಯ ಮಾತಲ್ಲ, ರೋಗನಿರ್ಣಯದ ಮಾತು. ಯಾರೋ ಪರೀಕ್ಷಿಸಿದ ಮೇಲೆ ಮಾತ್ರ ಆ ಪದವನ್ನು ಬಳಸಲು ಸಾಧ್ಯ. ಈ ಗ್ರಂಥವನ್ನು ಪರಂಪರೆ ಸಮಂತಭದ್ರರದೆನ್ನುತ್ತದೆ (ಕರ್ತೃತ್ವದಲ್ಲಿ ಭಿನ್ನಾಭಿಪ್ರಾಯವುಂಟು). ಆ ಸಮಂತಭದ್ರರ ಕಥೆಯನ್ನೇ ದೇವಚಂದ್ರ ‘ರಾಜಾವಳಿ ಕಥೆ’ಯಲ್ಲಿ ಹೇಳುತ್ತಾನೆ. ಎಷ್ಟು ಉಂಡರೂ ಸುಟ್ಟುಹೋಗುವ ಭಸ್ಮಕವ್ಯಾಧಿ ಅವರಿಗೆ ಬಂತು. ಗುರುವಿನ ಬಳಿ ಸಲ್ಲೇಖನೆಗೆ ಅನುಮತಿ ಬೇಡಿದರು. ಗುರು ಕೊಡಲಿಲ್ಲ, ಇನ್ನೂ ಬದುಕಿ ಧರ್ಮಕ್ಕೆ ನೆರವಾಗಬೇಕಾದವನು, ಮುನಿವೇಷವನ್ನು ಕಳಚಿಯಾದರೂ ರೋಗವನ್ನು ಕಳೆದುಕೊಂಡು ಬಾ ಎಂದರು. ಸಮಂತಭದ್ರರು ಕಂಚಿಯ ಶಿವಾಲಯವನ್ನು ಸೇರಿ ದೇವರ ನೈವೇದ್ಯವನ್ನೆಲ್ಲ ತಾವೇ ಉಂಡರು. ದಿನ ಕಳೆದಂತೆ ನೈವೇದ್ಯ ಮಿಗತೊಡಗಿತು, ಗುಟ್ಟು ಹೊರಬಿತ್ತು. ಭಸ್ಮಕ ಶಮನವಾದುದಕ್ಕೆ ಆ ಮಿಕ್ಕ ಅನ್ನಕ್ಕಿಂತ ಬೇರೆ ಗುರುತು ಬೇಕೇ? ಚಂದ್ರಪ್ರಭ ಬಿಂಬ ಪ್ರಕಟವಾದ ಪವಾಡವನ್ನು ನಾವು ಎಷ್ಟೋ ಬಾರಿ ಹೇಳುತ್ತೇವೆ. ಅದಕ್ಕೆ ಮುಂಚಿನ ಗುರುವಿನ ನಿರಾಕರಣೆಯೇ ನನಗೆ ಕಥೆಯ ತಿರುಳೆಂದು ತೋರುತ್ತದೆ. ವ್ರತವನ್ನು ಬೇಡಿದವನಿಗೆಲ್ಲ ವ್ರತವಿಲ್ಲ. ವಾಸಿಯಾಗಬಲ್ಲ ರೋಗಕ್ಕೆ ಮದ್ದೇ ಧರ್ಮ.

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನೆಯನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ನಡುವಿನ ಮೂರು ವಾರ ನಮ್ಮವರೂ ಮೆರವಣಿಗೆ ಹೋದರು, ಲೇಖನ ಬರೆದರು. ಇದು ಧರ್ಮದ ಅಗತ್ಯ ಆಚರಣೆಯೇ ಎಂಬುದರ ಸುತ್ತಲೇ ಮಾತು ಸುತ್ತಿತು. ಪ್ರತೀಕಾರವಿಲ್ಲವೆಂದು ನಿರ್ಧರಿಸಲು ನಿಮ್ಮ ಶಾಸ್ತ್ರದಲ್ಲಿ ಏನು ಕ್ರಮವಿದೆ ಎಂಬ ಪ್ರಶ್ನೆಗೆ ಉತ್ತರಿಸಬಲ್ಲ ಗ್ರಂಥಗಳು ನಮ್ಮಲ್ಲಿದ್ದವು, ಓದಿಟ್ಟುಕೊಂಡವರು ವಿರಳ.

ಎಲ್ಲ ಸಲ್ಲೇಖನೆಗೂ ರೋಗವೇ ಕಾರಣವೆಂದು ನಾನು ಹೇಳುತ್ತಿಲ್ಲ. 1131ರಲ್ಲಿ ಶಾಂತಲೆ ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳದಲ್ಲಿ ತಿಂಗಳ ಉಪವಾಸದಿಂದ ಮುಡಿಪಿದಳೆಂದು ಶಾಸನವಿದೆ. ಅಲ್ಲಿ ನಾಡಿ ನೋಡಿದವರಿಲ್ಲ. ಅರಿಷ್ಟಗ್ರಂಥಗಳೆಲ್ಲ ದೇಹಪರೀಕ್ಷೆಯೇ ಎಂದೂ ಹೇಳಲಾರೆ. ಕನಸು, ನೆರಳು, ಶಕುನಗಳು ಅಲ್ಲಿ ಮೈಯ ಗುರುತುಗಳೊಡನೆ ಕಲಸಿಹೋಗಿವೆ. ಕಾಗೆಯ ಕೂಗನ್ನೂ ಉಸಿರಿನ ಏರುಪೇರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಪುಟಗಳನ್ನು ಇಂದು ಯಾರೂ ಚಿಕಿತ್ಸೆಗೆ ಆಧಾರವಾಗಿಸಬಾರದು. ಅವನ್ನು ಬೇರ್ಪಡಿಸುವ ಕೆಲಸಕ್ಕೆ ಭಾಷೆ ಬಲ್ಲವನೂ ಬೇಕು, ವೈದ್ಯನೂ ಬೇಕು.

ಕನ್ನಡದಲ್ಲಿ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’, ಶ್ರೀಧರದೇವನ ‘ವೈದ್ಯಾಮೃತ’ ಇವೆ. ಕವಿ, ಕಾಲ, ಛಂದಸ್ಸು, ಮತ, ಇಷ್ಟಾದರೆ ನಮ್ಮ ಪ್ರಬಂಧಗಳಲ್ಲಿ ಇವುಗಳ ಅಧ್ಯಯನ ಮುಗಿಯಿತು. ಮಂಗರಾಜ ವಿಷದ ಲಕ್ಷಣಗಳನ್ನು ಹೇಳುವಾಗ ಮೈಬಣ್ಣಕ್ಕೆ, ನೋವಿಗೆ, ಬಾವಿಗೆ ಬಳಸುವ ಪದಗಳ ಒಂದು ಪಟ್ಟಿಯನ್ನಾದರೂ ವೈದ್ಯರೊಬ್ಬರ ಮುಂದಿಟ್ಟು ಅರ್ಥನಿರ್ಣಯ ಮಾಡಬಾರದೇ?

ಇದಕ್ಕೆ ನಮ್ಮ ಸೀಮೆಗಿಂತ ಅನುಕೂಲವಾದ ಜಾಗ ಇನ್ನೊಂದಿಲ್ಲ. ಔಷಧದಾನವನ್ನು ಚತುರ್ವಿಧ ದಾನಗಳಲ್ಲಿ ಒಂದಾಗಿ ನಡೆಸಿಕೊಂಡು ಬಂದ ಧರ್ಮಸ್ಥಳದಲ್ಲಿ ಹಸ್ತಪ್ರತಿಗಳ ಸಂಗ್ರಹವಿದೆ. ಮೂಡಬಿದಿರೆಯ ಓಲೆಗಳಿಗೆ ಕೆ. ಭುಜಬಲಿ ಶಾಸ್ತ್ರಿಗಳ ಸೂಚಿ 1948ರಲ್ಲೇ ಅಚ್ಚಾಗಿದೆ. ಉಡುಪಿಯಲ್ಲಿ 1958ರಿಂದ ಆಯುರ್ವೇದ ಕಾಲೇಜಿದೆ, ಮೂಡಬಿದಿರೆಯಲ್ಲೂ ಒಂದಿದೆ. ಒಂದೆರಡು ಗಂಟೆಯ ಬಸ್ಸಿನ ಹಾದಿಯೊಳಗೆ ಓಲೆಯೂ ಇದೆ, ಓಲೆ ಓದುವವರೂ ಇದ್ದಾರೆ, ರೋಗಿಯ ನಾಲಗೆ ನೋಡುವವರೂ ಇದ್ದಾರೆ. ವಿಷಯ ಹುಡುಕುತ್ತಿರುವ ಸಂಶೋಧನ ವಿದ್ಯಾರ್ಥಿಗಳು ಆ ಸೂಚಿಯ ವೈದ್ಯವಿಭಾಗವನ್ನು ತೆರೆದು, ಅರಿಷ್ಟ ಎಂಬ ಮಾತು ಎಲ್ಲೆಲ್ಲಿ ಬರುತ್ತದೆಯೆಂದು ಗುರುತು ಹಾಕಿಕೊಂಡು ಹೊರಡಲಿ.