ಮಗುವಿನ ಕಣ್ಣಿಗೆ ಕಾಣದ್ದು

ಬಂದೂಕು ಹಿಡಿದ ತಂದೆತಾಯಿಯ ರಾಜಕೀಯವನ್ನು ಅವರ ಮಗುವಿನ ಕಣ್ಣಿನಿಂದ ತೋರಿಸುವುದು ಲ್ಯಾಟಿನ್ ಅಮೆರಿಕದ ಸಿನಿಮಾಗಳಲ್ಲಿ ಒಂದು ಪರಿಪಾಠವೇ ಆಗಿದೆ. ಪ್ರೇಕ್ಷಕನ ಮನ ಕರಗಿಸಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಆದರೆ ಕರಗಿದ ಮನಸ್ಸು ಪ್ರಶ್ನೆ ಕೇಳುವುದನ್ನು ಮರೆಯಬೇಕೇ?

ಅರ್ಜೆಂಟೀನಾದಲ್ಲಿ 1976ರ ಮಾರ್ಚ್ 24ರಂದು ಸೇನೆಯು ಅಧಿಕಾರ ಕಸಿದುಕೊಂಡಿತು. 1983ರ ವರೆಗಿನ ಆ ಆಳ್ವಿಕೆಯಲ್ಲಿ 30,000 ಮಂದಿ ಕಣ್ಮರೆಯಾದರೆಂದು ಮಾನವ ಹಕ್ಕು ಸಂಘಟನೆಗಳು ಹೇಳುತ್ತವೆ. ಸೆರೆಯಲ್ಲಿ ಹೆತ್ತ ತಾಯಂದಿರಿಂದ ಶಿಶುಗಳನ್ನು ಕಸಿದು ಸೇನೆಯವರ ಮತ್ತು ಅವರ ಆಪ್ತರ ಮನೆಗಳಿಗೆ ನೀಡಲಾಯಿತು. ಈ ಕ್ರೌರ್ಯಕ್ಕೆ ಸಾಟಿಯಾದುದು ಎದುರು ಪಾಳಯದಲ್ಲಿ ಇರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

2002ರ ‘ಕಾಮ್ಚಾಟ್ಕಾ’ ಚಿತ್ರದಲ್ಲಿ ಬಾಲಕನೊಬ್ಬ ತಂದೆತಾಯಿಯೊಂದಿಗೆ ಅಡಗಿ ಬದುಕುತ್ತಾನೆ. ಅವರು ಮಾಡಿದ್ದೇನು ಎಂಬ ಬಗ್ಗೆ ಸಿನಿಮಾ ಬಾಯಿ ಬಿಡುವುದಿಲ್ಲ. ಮಗುವಿಗೆ ತಿಳಿಯದು, ಆದ್ದರಿಂದ ನಮಗೂ ತಿಳಿಯಬೇಕಾಗಿಲ್ಲ! ಕಣ್ಣೀರು ಬರುತ್ತದೆ, ನಿಜ. ಇತಿಹಾಸ ಮಾತ್ರ ಹೊಸ್ತಿಲಾಚೆಯೇ ಉಳಿಯುತ್ತದೆ.

ಬೆಂಜಮಿನ್ ಆವಿಲಾ ನಿರ್ದೇಶಿಸಿದ, 2012ರಲ್ಲಿ ತೆರೆಕಂಡ ‘ಇನ್ಫಾನ್ಸಿಯಾ ಕ್ಲಾಂದೆಸ್ತಿನಾ’ ಹಾಗಲ್ಲ. ‘ಭೂಗತ ಬಾಲ್ಯ’ ಎಂದು ಅದರರ್ಥ. ನಿರ್ದೇಶಕರ ಸ್ವಂತ ತಾಯಿಯೇ ಆ ಕಾಲದಲ್ಲಿ ಕಣ್ಮರೆಯಾದವರು. ಕಥೆ 1979ರದು. ಮೊಂಟೊನೆರೋಸ್ ಎಂಬ ಸಶಸ್ತ್ರ ಸಂಘಟನೆಯ ದಂಪತಿ ಮಕ್ಕಳೊಂದಿಗೆ ಗುಟ್ಟಾಗಿ ದೇಶಕ್ಕೆ ಮರಳುತ್ತಾರೆ. 1970ರಲ್ಲಿ ಮಾಜಿ ಸೇನಾ ಅಧ್ಯಕ್ಷ ಅರಾಂಬುರು ಅವರನ್ನು ಅಪಹರಿಸಿ ಕೊಂದುದು ಇದೇ ಸಂಘಟನೆ. ಹನ್ನೆರಡರ ಹುವಾನ್‌ಗೆ ಅದೆಲ್ಲ ತಿಳಿದಿರಬೇಕಾಗಿಲ್ಲ. ಅವನಿಗೆ ಶಾಲೆಯಲ್ಲಿ ಎರ್ನೆಸ್ಟೊ ಎಂಬ ಸುಳ್ಳು ಹೆಸರು, ಹುಟ್ಟುಹಬ್ಬಕ್ಕೂ ಸುಳ್ಳು ದಿನಾಂಕ. ಗುಂಡಿನ ಕಾಳಗ ಬಂದಾಗ ಪರದೆಯ ಮೇಲೆ ಚಿತ್ರಕಥೆಯ ರೇಖಾಚಿತ್ರಗಳು ಮೂಡುತ್ತವೆ. ಮಗುವಿನ ಮನಸ್ಸು ಹಿಂಸೆಯನ್ನು ಹಾಗೆಯೇ ತಡೆದುಕೊಂಡೀತು.

ಆದರೆ ಈ ಚಿತ್ರದ ಜೀವಾಳ ಅಜ್ಜಿ. ಅಡಗುದಾಣದ ವಿಳಾಸ ತಿಳಿಯಬಾರದೆಂದು ಆಕೆಯ ಕಣ್ಣಿಗೆ ಬಟ್ಟೆ ಕಟ್ಟಿ ಕರೆತರಲಾಗುತ್ತದೆ. ಮಕ್ಕಳನ್ನಾದರೂ ತನ್ನೊಂದಿಗೆ ಕಳುಹಿಸು ಎಂದು ಆಕೆ ಮಗಳನ್ನು ಬೇಡುತ್ತಾಳೆ. ಮಗಳು ಒಪ್ಪುವುದಿಲ್ಲ. ಮಾತಿಗೆ ಮಾತು ಬೆಳೆದು ಜಗಳವಾಗುತ್ತದೆ. ಸರ್ವಾಧಿಕಾರಿಗಳು ಕೇಳಿದ್ದರೆ ತಳ್ಳಿಹಾಕಬಹುದಿತ್ತು. ಕೇಳುತ್ತಿರುವುದು ಹೆತ್ತ ತಾಯಿ. ನಿಮ್ಮ ಹೋರಾಟಕ್ಕೆ ಈ ಎಳೆಯರ ಒಪ್ಪಿಗೆಯನ್ನು ಯಾರು ಪಡೆದಿದ್ದರು?

ನಿರ್ದೇಶಕರು ತೀರ್ಪು ನೀಡುವುದಿಲ್ಲ. ತಾಯಿಯ ಪ್ರೀತಿಯನ್ನು ಅವರು ಎಳ್ಳಷ್ಟೂ ಕುಗ್ಗಿಸಿಲ್ಲ. ನಮ್ಮ ಮಟ್ಟಿಗೆ ಅಜ್ಜಿಯ ಮಾತೇ ಸರಿ. ಕೊನೆಯಲ್ಲಿ ಪುಟ್ಟ ತಂಗಿಯನ್ನು ಸೈನಿಕರು ಒಯ್ದಿರುತ್ತಾರೆ. ಅಜ್ಜಿಯ ಮನೆ ಬಾಗಿಲಲ್ಲಿ ಇಳಿಸಿಹೋದ ಬಾಲಕ ತಾನು ಹುವಾನ್ ಎನ್ನುತ್ತಾನೆ.