ಮಡಿಯ ಊಟ, ಲೆಕ್ಕದ ಊಟ

ನಮ್ಮ ಕಡೆಯ ಕಟಕ ರೊಟ್ಟಿ ಈಗ 'ಕ್ಲೀನ್' ಆಗಿದೆ. ಪಾಮನಕಲ್ಲೂರು, ಮಸ್ಕಿ, ಲಿಂಗಸುಗೂರು ಸೀಮೆಯಲ್ಲಿ ಬಿಳಿಜೋಳದ ರೊಟ್ಟಿಗೆ ಇಲ್ಲಿಯ ತನಕ ಯಾರೂ ಇಂಥ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ರೊಟ್ಟಿ ಅಂದರೆ ರೊಟ್ಟಿ, ಹಸಿವಾದಾಗ ಮುರಿದು ತಿನ್ನುವುದು. ಬೆಂಗಳೂರಿನ ಅಂಗಡಿಗಳಲ್ಲಿ ಅದೇ ರೊಟ್ಟಿ ಕಂದು ಕಾಗದದ ಪೊಟ್ಟಣದೊಳಗೆ ಕೂತು ಮೈದಾ ಇಲ್ಲ, ಗ್ಲುಟೆನ್ ಇಲ್ಲ, ಪಾಪ ಇಲ್ಲ ಎನ್ನುತ್ತಿದೆ. ರೊಟ್ಟಿಗೆ ಬಂದ ಮರ್ಯಾದೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಆ ಪದದ ಮೇಲೆ. ಒಂದು ಊಟ ಕ್ಲೀನ್ ಎಂದ ಕೂಡಲೇ ಇನ್ನೊಂದು ಊಟ ಹೊಲಸು ಆಗಲೇಬೇಕಾಗುತ್ತದೆ. ಅದು ಯಾರ ಊಟ ಎಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ.

ತೂಕ ಇಳಿಸಬೇಕೆಂದು ಹೊರಟವರಲ್ಲಿ ಈಗ ಎರಡು ಬಣ. ಒಂದು ಬಣದವರು ಮೊಬೈಲಿನಲ್ಲಿ ಕ್ಯಾಲೊರಿ ಬರೆದಿಡುತ್ತಾರೆ. ಹಾಸ್ಟೆಲಿನ ಮೆಸ್ಸಿನಲ್ಲಿ ಸಾರಿನ ಮೇಲೆ ತೇಲುವ ಎಣ್ಣೆಯನ್ನೂ ಗ್ರಾಂ ಲೆಕ್ಕದಲ್ಲಿ ನೋಡುತ್ತಾರೆ. ಇನ್ನೊಂದು ಬಣದವರಿಗೆ ಲೆಕ್ಕ ಅಂದರೆ ಕೀಳು ಕೆಲಸ. ಶುದ್ಧವಾದದ್ದನ್ನು ತಿನ್ನಿ, ಸಂಸ್ಕರಿಸಿದ್ದನ್ನು ಬಿಡಿ, ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ ಎಂಬುದು ಅವರ ವಾದ. ನಾನು ಲೆಕ್ಕದ ಕಡೆಯವನು. ಲೆಕ್ಕದವರೊಂದಿಗೂ ನನಗೆ ಜಗಳವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ರೊಟ್ಟಿಯನ್ನೇ ತೂಗೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೋಷ್ಟಕದ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 335 ಕ್ಯಾಲೊರಿ, ಸಜ್ಜೆಯಲ್ಲಿ ಸುಮಾರು 350, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 355. ಇಷ್ಟೇ ವ್ಯತ್ಯಾಸ. ಜೋಳದ ದೊಡ್ಡಸ್ತಿಕೆ ಇರುವುದು ಬೇರೆ ಕಡೆ: ಅದರಲ್ಲಿ ನಾರು ಅಕ್ಕಿಯ ಮೂರು ಪಟ್ಟಿಗೂ ಹೆಚ್ಚು, ಕಬ್ಬಿಣ ಹಲವು ಪಟ್ಟು. ಅಗಿಯಲು ಹೊತ್ತು ಹಿಡಿಯುತ್ತದೆ, ಹೊಟ್ಟೆ ಬೇಗ ತುಂಬುತ್ತದೆ, ಎರಡನೆಯ ರೊಟ್ಟಿಗೆ ಕೈ ತಡವಾಗುತ್ತದೆ. ಇದೆಲ್ಲ ನಿಜ. ಆದರೆ ಅದೇ ರೊಟ್ಟಿಯ ಜೊತೆ ಗುರೆಳ್ಳು ಪುಡಿ, ಶೇಂಗಾ ಹಿಂಡಿ, ಎಣ್ಣೆ ತೇಲುವ ಎಣ್ಣೆಗಾಯಿ, ಮೇಲೆ ಒಂದು ಗಡ್ಡೆ ಬೆಣ್ಣೆ ಇಟ್ಟುಕೊಂಡು ಕೂತರೆ? ಎಲ್ಲವೂ ಕ್ಲೀನ್. ಎಲ್ಲವೂ ಹೊಲದಿಂದ, ಹಟ್ಟಿಯಿಂದ ಬಂದದ್ದು. 100 ಗ್ರಾಂ ಶೇಂಗಾದಲ್ಲಿ 500ಕ್ಕೂ ಹೆಚ್ಚು ಕ್ಯಾಲೊರಿ ಇದೆ. ಗಾಣದಲ್ಲಿ ತೆಗೆದ ಎಣ್ಣೆಯಾದರೂ ಗ್ರಾಮಿಗೆ 9. ಬೆಲ್ಲ ಸಕ್ಕರೆಗಿಂತ ಕಡಿಮೆಯೇನೋ ಹೌದು, ಆ ಕಡಿಮೆ ಎಷ್ಟು ಸಣ್ಣದೆಂದರೆ ಬೆಲ್ಲದ ಚಹಾ ಎಂದು ಇನ್ನೊಂದು ಕಪ್ಪು ಕುಡಿದರೆ ಮುಗಿಯಿತು.

ಶುದ್ಧ ಊಟದವರು ಆಗಾಗ ಹಿಡಿದು ತೋರಿಸುವ ಪ್ರಯೋಗವೊಂದಿದೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟು, ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಊಟ, ಎರಡು ವಾರ ಸಂಸ್ಕರಿಸದ ಊಟ ಕೊಟ್ಟ. ಎದುರಿಗಿಟ್ಟ ಊಟದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಸರಿಸಮ. ಬೇಕಾದಷ್ಟು ತಿನ್ನಬಹುದಿತ್ತು. ಸಂಸ್ಕರಿಸಿದ ಊಟದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ಎರಡು ವಾರದಲ್ಲಿ ಸುಮಾರು 900 ಗ್ರಾಂ ತೂಕ ಏರಿಸಿಕೊಂಡರು. ಇನ್ನೊಂದು ಊಟದಲ್ಲಿ ಅಷ್ಟೇ ಇಳಿದರು. ಇದು ತಮ್ಮ ಗೆಲುವು ಎನ್ನುತ್ತಾರೆ ಶುದ್ಧದವರು. ನಿಧಾನವಾಗಿ ಓದಬೇಕು. ತೂಕ ಏರಿದ್ದು ಊಟ ಅಶುದ್ಧ ಎಂಬ ಕಾರಣಕ್ಕಲ್ಲ, ಆ ಊಟ ಗೊತ್ತಾಗದಂತೆ 500 ಕ್ಯಾಲೊರಿ ಹೆಚ್ಚು ತಿನ್ನಿಸಿತು ಎಂಬ ಕಾರಣಕ್ಕೆ. ಮೆತ್ತಗೆ, ಬೇಗ, ಅಗಿಯದೆ ಇಳಿದುಹೋಗುವ ತಿಂಡಿ. ಎಷ್ಟು ಎನ್ನುವ ಪ್ರಶ್ನೆಗೆ ಏನು ಎನ್ನುವ ಪ್ರಶ್ನೆ ದಾರಿ ಮಾಡಿಕೊಟ್ಟಿತು, ಅಷ್ಟೇ. ಅದಕ್ಕೂ ಹಿಂದಿನ ವರ್ಷ ಸ್ಟ್ಯಾನ್‌ಫರ್ಡಿನಲ್ಲಿ 609 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನ ಬಂತು. ಕೊಬ್ಬು ಕಡಿಮೆ ತಿಂದವರು, ಪಿಷ್ಟ ಕಡಿಮೆ ತಿಂದವರು, ಎರಡೂ ಗುಂಪಿಗೆ ಇಡೀ ಕಾಳು, ತರಕಾರಿ ತಿನ್ನಿ ಎಂದಿದ್ದರೇ ಹೊರತು ಕ್ಯಾಲೊರಿ ಎಣಿಸಿ ಎಂದಿರಲಿಲ್ಲ. ಎರಡೂ ಗುಂಪು ಸರಾಸರಿ 5ರಿಂದ 6 ಕಿಲೋ ಇಳಿದವು. ಎಣಿಸದೆ ಇಳಿದರು, ಒಪ್ಪುತ್ತೇನೆ. ಆದರೆ ತಿಂದದ್ದು ಕಡಿಮೆಯಾಗಿಯೇ ಇಳಿದರು. ನೀವು ಎಣಿಸದಿದ್ದರೂ ಮೈ ಎಣಿಸಿಕೊಳ್ಳುತ್ತಿರುತ್ತದೆ.

ಇಷ್ಟೇ ಆಗಿದ್ದರೆ ಇದು ಜಿಮ್ಮಿನವರ ಜಗಳ, ಅವರೇ ಬಗೆಹರಿಸಿಕೊಳ್ಳಲಿ ಎಂದು ಸುಮ್ಮನಿರುತ್ತಿದ್ದೆ. ಆದರೆ 'ಕ್ಲೀನ್' ಎಂಬ ಪದ ಅಮೆರಿಕದ ಪುಸ್ತಕದಿಂದ ಇಳಿದು ನಮ್ಮ ನೆಲಕ್ಕೆ ಬಂದಾಗ ಖಾಲಿ ಕೈಯಲ್ಲಿ ಬರುವುದಿಲ್ಲ. ಇಲ್ಲಿ ಅದಕ್ಕೊಂದು ಹಳೆಯ ಮನೆ ಮೊದಲೇ ಇದೆ. ಮಡಿ, ಮೈಲಿಗೆ, ಮುಸುರೆ, ಎಂಜಲು. ಯಾರು ಬೇಯಿಸಿದರೆ ಊಟ ಕೆಡುತ್ತದೆ, ಏನು ತಿಂದವನ ಮನೆಯ ನೀರು ಕುಡಿಯಬಾರದು ಎಂಬ ಶಾಸ್ತ್ರವನ್ನು ಈ ಊರುಗಳು ಬಾಯಿಪಾಠ ಮಾಡಿಕೊಂಡಿವೆ. ಅಲ್ಲಿಗೆ ಬಂದು 'ಶುದ್ಧ ಆಹಾರ' ಎಂದರೆ ಜನ ಕೇಳಿಸಿಕೊಳ್ಳುವುದು ನಾರು, ಕಬ್ಬಿಣದ ಮಾತನ್ನಲ್ಲ. ಈರುಳ್ಳಿ, ಬೆಳ್ಳುಳ್ಳಿ, ಮೊಟ್ಟೆ, ಬಾಡು ಇವೆಲ್ಲ ಸಾಲಾಗಿ ಒಂದು ಕಡೆಗೆ ಸರಿದು ನಿಲ್ಲುತ್ತವೆ. ಅವನ್ನು ತಿನ್ನುವವರೂ ಸರಿದು ನಿಲ್ಲಬೇಕಾಗುತ್ತದೆ.

2021ರ ಡಿಸೆಂಬರಿನಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಸೇರಿದಂತೆ ಈ ಭಾಗದ ಜಿಲ್ಲೆಗಳ ಶಾಲಾ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಶುರು ಮಾಡಿತು. ಕೆಲವು ಮಠಾಧೀಶರು ವಿರೋಧಿಸಿದರು. ಶಾಲೆಯಲ್ಲಿ ಮೊಟ್ಟೆ ಬೇಡ, ಸಸ್ಯಾಹಾರವೇ ಕೊಡಿ ಎಂಬ ಒತ್ತಾಯ. ಮೊಟ್ಟೆ ತಿನ್ನದ ಮಕ್ಕಳಿಗೆ ಸರ್ಕಾರ ಬಾಳೆಹಣ್ಣು ಕೊಡುತ್ತಿತ್ತು. ಎಲ್ಲರಿಗೂ ಅದನ್ನೇ ಕೊಟ್ಟರೆ ಏನು ನಷ್ಟ ಎಂಬ ಮಾತೂ ಓಡಾಡಿತು. ನಷ್ಟ ಏನೆಂದು ಎಣಿಸಿ ನೋಡಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, ಒಂದು ಬಾಳೆಹಣ್ಣಿನಲ್ಲಿ ಸುಮಾರು 1 ಗ್ರಾಂ. ಗಂಗಾವತಿಯ ಶಾಲಾ ಹುಡುಗಿಯೊಬ್ಬಳು ಸ್ವಾಮಿಗಳನ್ನು ನೇರವಾಗಿ ಪ್ರಶ್ನಿಸಿದ ವಿಡಿಯೊ ಆಗ ರಾಜ್ಯವೆಲ್ಲ ಓಡಾಡಿತ್ತು. ಅವಳ ಕೈಯಲ್ಲಿ ಯಾವ ಕೋಷ್ಟಕವೂ ಇರಲಿಲ್ಲ, ಹಸಿವಿನ ಲೆಕ್ಕ ಸರಿಯಾಗಿಯೇ ಗೊತ್ತಿತ್ತು.

ಲೆಕ್ಕದವರೊಂದಿಗೆ ನನ್ನ ಜಗಳವೂ ಇದೇ ಬಾಳೆಹಣ್ಣಿನಿಂದ ಶುರುವಾಗುತ್ತದೆ. ಬರೀ ಕ್ಯಾಲೊರಿ ಎಣಿಸಿದರೆ ಮೊಟ್ಟೆಗಿಂತ ಬಾಳೆಹಣ್ಣೇ ಮುಂದೆ. ಕ್ಯಾಲೊರಿಯೊಂದನ್ನೇ ನೋಡುವ ಅಧಿಕಾರಿಗೆ ಮಠದ ವಾದ ಸರಿಯಾಗಿಯೇ ಕಾಣುತ್ತದೆ. ನಮ್ಮ ಸರ್ಕಾರಗಳು ಬಹಳ ಕಾಲ ಹಾಗೆಯೇ ನೋಡಿದವು. ಅಮೆರಿಕದಲ್ಲಿ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ 1918ರಲ್ಲಿ ಬರೆದ ಪುಸ್ತಕ ಉಂಡವರಿಗೆ ಕ್ಯಾಲೊರಿ ಎಣಿಸುವುದನ್ನು ಕಲಿಸಿತು. ನಮ್ಮಲ್ಲಿ ಎಣಿಸಿದ್ದು ಉಣ್ಣದವರ ಕ್ಯಾಲೊರಿಯನ್ನು. 1979ರಲ್ಲಿ ಯೋಜನಾ ಆಯೋಗದ ತಂಡವೊಂದು ಹಳ್ಳಿಯವನಿಗೆ ದಿನಕ್ಕೆ 2400, ಪಟ್ಟಣದವನಿಗೆ 2100 ಕ್ಯಾಲೊರಿ ಎಂದು ಗೆರೆ ಎಳೆದು, ಅಷ್ಟನ್ನು ಕೊಳ್ಳುವ ಖರ್ಚು ಇಲ್ಲದವನು ಬಡವ ಎಂದಿತು. ಕ್ಯಾಲೊರಿ ತುಂಬಿಸಲು ಅಗ್ಗದ ದಾರಿ ಅಕ್ಕಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿದು ಸಿಂಧನೂರಿನ ಎಡದಂಡೆ ಬಯಲು ಕ್ರಮೇಣ ಭತ್ತದ ಬಯಲಾಯಿತು. ಜೋಳ ತಿನ್ನುತ್ತಿದ್ದ ಮನೆಗಳಿಗೆ ಅನ್ನ ಬಂತು. ಅಕ್ಕಿ ತಿಂದವರನ್ನು ಬೈಯುವವನು ನಾನಲ್ಲ. ರೇಷನ್ ಅಕ್ಕಿ ಹಸಿವನ್ನು ಕೊಂದಿದೆ, ಅದು ಸಣ್ಣ ಕೆಲಸವಲ್ಲ. ಆದರೂ ಭತ್ತದ ಕಣಜವೆನಿಸಿದ ಇದೇ ರಾಯಚೂರು ಜಿಲ್ಲೆಯಲ್ಲಿ ಮಕ್ಕಳು ಅಪೌಷ್ಟಿಕತೆಯಿಂದ ಸತ್ತ ಸುದ್ದಿ ದೊಡ್ಡದಾಗಿ, ಹೈಕೋರ್ಟು ನ್ಯಾಯಮೂರ್ತಿ ಎನ್.ಕೆ. ಪಾಟೀಲರ ನೇತೃತ್ವದಲ್ಲಿ 2012ರಲ್ಲಿ ಸಮಿತಿ ಮಾಡಬೇಕಾಗಿ ಬಂತು. ಹೊಟ್ಟೆಯ ಲೆಕ್ಕ ಸರಿಹೋದರೂ ಮೂಳೆ, ರಕ್ತದ ಲೆಕ್ಕ ತಪ್ಪಿತ್ತು.

ಹಾಗಂತ ಲೆಕ್ಕ ಬಿಟ್ಟು ಮಡಿಗೆ ಓಡಬೇಕಿಲ್ಲ. ಲೆಕ್ಕದಲ್ಲಿ ಬಿಟ್ಟುಹೋದದ್ದನ್ನು ಸೇರಿಸಿಕೊಳ್ಳಬಹುದು: ಪ್ರೋಟೀನು, ಕಬ್ಬಿಣ, ನಾರು. ತಪ್ಪಿದ್ದರೆ ತಿದ್ದಬಹುದು. ಮಡಿಯನ್ನು ತಿದ್ದುವುದು ಹೇಗೆ? ಅದಕ್ಕೆ ಹೆಚ್ಚು ಕಡಿಮೆ ಗೊತ್ತಿಲ್ಲ, ಒಳಗೆ ಹೊರಗೆ ಮಾತ್ರ ಗೊತ್ತು.

(ಮಸ್ಕಿಯ ಹೆಸರು ಬಂದಾಗಲೆಲ್ಲ ಅಶೋಕನ ಹೆಸರು ಬರುತ್ತದೆ, 1915ರಲ್ಲಿ ಸಿಕ್ಕ ಇಲ್ಲಿನ ಶಾಸನದಿಂದಾಗಿ. ಇಲ್ಲಿ ಅಲ್ಲ, ಗಿರ್ನಾರ್ ಮೊದಲಾದ ಕಡೆ ಇರುವ ಅವನ ಮೊದಲ ಬಂಡೆ ಶಾಸನದಲ್ಲಿ ಅರಮನೆಯ ಅಡುಗೆಮನೆಯ ಮಾತಿದೆ. ಮೊದಲು ಲಕ್ಷಗಟ್ಟಲೆ ಪ್ರಾಣಿ ಕೊಲ್ಲುತ್ತಿದ್ದರಂತೆ, ಈಗ ದಿನಕ್ಕೆ ಮೂರು: ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ಪ್ರತಿದಿನ ಅಲ್ಲ. ಮುಂದೆ ಅವೂ ಇಲ್ಲ ಎನ್ನುತ್ತಾನೆ. ತನ್ನ ಅಡುಗೆಮನೆ ಶುದ್ಧವಾಯಿತು ಎಂದು ಬೀಗದೆ, ಇನ್ನೂ ಉಳಿದ ಮೂರನ್ನು ಎಣಿಸಿ ಕಲ್ಲಿನ ಮೇಲೆ ಬರೆಸಿದ ದೊರೆ ನನಗೆ ಇಷ್ಟ.)

ಶುದ್ಧದವರ ಇನ್ನೊಂದು ವಾದ ಅಜ್ಜಿಯದು. ನಮ್ಮ ಅಜ್ಜಿಯರು ಎಣಿಸುತ್ತಿರಲಿಲ್ಲ, ಶುದ್ಧವಾದದ್ದು ತಿಂದು ತೆಳ್ಳಗೆ ಗಟ್ಟಿಯಾಗಿದ್ದರು ಎನ್ನುತ್ತಾರೆ. ಈ ಮಾತನ್ನು ಮಸ್ಕಿ ಸೀಮೆಯ ಮಳೆಯಾಶ್ರಿತ ಹಳ್ಳಿಯಲ್ಲಿ ಹೇಳಿ ನೋಡಿ. ಅಜ್ಜಿ ಎಣಿಸುತ್ತಿದ್ದಳು. ಬುಟ್ಟಿಯಲ್ಲಿ ಎಷ್ಟು ರೊಟ್ಟಿ, ಉಣ್ಣುವ ಬಾಯಿ ಎಷ್ಟು, ಹೊಲಕ್ಕೆ ಬುತ್ತಿ ಎಷ್ಟು, ತನಗೆ ಎಷ್ಟು ಉಳಿಯಿತು ಎಂದು ದಿನಾ ಎಣಿಸುತ್ತಿದ್ದಳು. ತೆಳ್ಳಗಿದ್ದದ್ದು ಕೊನೆಯಲ್ಲಿ ಉಣ್ಣುತ್ತಿದ್ದವಳು ಅವಳೇ ಎಂಬುದಕ್ಕೆ, ಇಡೀ ದಿನ ಕಳೆ ತೆಗೆದದ್ದಕ್ಕೆ. 1972ರ ಬರವನ್ನು ಕಂಡ ತಲೆಮಾರಿನವರನ್ನು ಡಯಟ್ ಮಾಡಿದವರೆಂದು ಹೊಗಳುವುದು ಕ್ರೂರ ತಮಾಷೆ. ಇಂದಿಗೂ ಮಳೆ ಕೈಕೊಟ್ಟ ವರ್ಷ ಈ ಊರುಗಳಿಂದ ಜನ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಅಪಾರ್ಟ್‌ಮೆಂಟಿನ ಗೋಡೆ ಎಬ್ಬಿಸುತ್ತಾರೆ. ಅದೇ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿ ಆಮೇಲೆ ಸಜ್ಜೆ ರೊಟ್ಟಿ ಕ್ಲೀನ್ ಆಗುತ್ತದೆ. ಕೆಳಗೆ ತಗಡಿನ ಶೆಡ್ಡಿನಲ್ಲಿ ಬಿಸ್ಕತ್ತು ಚಹಾದಲ್ಲಿ ಅದ್ದಿಕೊಂಡು ತಿನ್ನುವ ಮಗುವಿನ ಊಟ ಹೊಲಸಾಗುತ್ತದೆ. ಐದು ರೂಪಾಯಿಯ ಬಿಸ್ಕತ್ತು ಪೊಟ್ಟಣ ಕೊಂಡ ತಾಯಿಗೆ ಸಂಸ್ಕರಿತ ಆಹಾರದ ಅಪಾಯ ಹೇಳಲು ಹೋಗುವವರು ಮೊದಲು ಅವಳ ಕೂಲಿ ಎಷ್ಟು, ಒಲೆ ಹೊತ್ತಿಸಲು ಅವಳಿಗೆ ಹೊತ್ತೆಲ್ಲಿದೆ ಎಂದು ಕೇಳಲಿ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೆಗೆದು ನೋಡಿದರೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅದೇ ಪುಸ್ತಕದಲ್ಲಿ ನೂರಕ್ಕೆ ಸುಮಾರು 30 ಹೆಂಗಸರ ತೂಕ ಅತಿಯಾಗಿದೆ. ಎಷ್ಟೋ ಸಲ ಇಬ್ಬರೂ ಒಂದೇ ಓಣಿಯವರು. ಇಬ್ಬರಿಗೂ ಕೊಡಬಹುದಾದ ಒಂದೇ ಸಲಹೆ ಶುದ್ಧವಾದದ್ದು ತಿನ್ನಿ ಎಂಬುದಾದರೆ, ಒಬ್ಬರಿಗೂ ಏನೂ ಹೇಳಿದಂತಾಗಲಿಲ್ಲ. ಮಗುವಿಗೆ ಇನ್ನೊಂದು ಮೊಟ್ಟೆ, ತಾಯಿಗೆ ಒಂದು ಚಮಚ ಕಡಿಮೆ ಎಣ್ಣೆ ಎಂದು ಹೇಳಬೇಕಾದರೆ ಎಣಿಸಲೇಬೇಕು.

ಎಣಿಸಲು ಆ್ಯಪು ಬೇಕಿಲ್ಲ. ಅಂಥ ಆ್ಯಪುಗಳಲ್ಲಿ ಪಾಸ್ತಾ ಸಿಗುತ್ತದೆ, ಪುಂಡಿಪಲ್ಯ ಹುಡುಕಬೇಕಾಗುತ್ತದೆ. ಅಲ್ಲದೆ ಗಂಟೆಗೊಮ್ಮೆ ಅಂಕಿ ನೋಡುತ್ತ ಒಂದು ಮಿರ್ಚಿ ತಿಂದದ್ದಕ್ಕೆ ರಾತ್ರಿ ಉಪವಾಸ ಕೂರುವ ಹುಡುಗಿಯರೂ ಹಾಸ್ಟೆಲುಗಳಲ್ಲಿದ್ದಾರೆ. ಅದು ಲೆಕ್ಕವಲ್ಲ, ಲೆಕ್ಕದ ವೇಷ ಹಾಕಿದ ಮಡಿ. ಮನೆಯ ಲೆಕ್ಕ ಸರಳ. ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರ್ ಎಣ್ಣೆಯ ಕ್ಯಾನು ಬರುತ್ತದೆ ಅನ್ನಿ. ತೂಕದಲ್ಲಿ ಸುಮಾರು ನಾಲ್ಕೂವರೆ ಕಿಲೋ. ನಾಲ್ಕು ಜನಕ್ಕೆ, ಮೂವತ್ತು ದಿನಕ್ಕೆ ಹಂಚಿದರೆ ತಲೆಗೆ ದಿನಕ್ಕೆ 37 ಗ್ರಾಂ ಚಿಲ್ಲರೆ, ಅಂದರೆ ಸುಮಾರು 340 ಕ್ಯಾಲೊರಿ. 50 ಗ್ರಾಂ ಹಿಟ್ಟಿನ ಎರಡು ರೊಟ್ಟಿಯಷ್ಟು. ಯಾರ ತಟ್ಟೆಯಲ್ಲೂ ಕಾಣದ ಎರಡು ರೊಟ್ಟಿ! ಆ ಕ್ಯಾನು ತಿಂಗಳ ಬದಲು ಒಂದೂವರೆ ತಿಂಗಳು ಬರುವಂತೆ ನೋಡಿಕೊಂಡರೆ ಮಂಡಾಳ ಒಗ್ಗರಣೆ ಬಿಡಬೇಕಿಲ್ಲ, ಹಬ್ಬದ ಹೋಳಿಗೆ ಬಿಡಬೇಕಿಲ್ಲ, ಯಾವ ಊಟವನ್ನೂ ಹೊಲಸು ಎನ್ನಬೇಕಿಲ್ಲ.

ಇನ್ನು ಜೋಳ, ಸಜ್ಜೆ ಬೆಳೆಯುವವರ ಮಾತು. 2020–21ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು ತಿಂಗಳುಗಟ್ಟಲೆ ಧರಣಿ ಕೂತರು. 2021ರ ಮಸ್ಕಿ ಉಪಚುನಾವಣೆಯಲ್ಲಿ ಅದು ದೊಡ್ಡ ವಿಷಯವೂ ಆಯಿತು. ಕ್ಲೀನ್ ಊಟದವರಿಗೆ ಈ ಬೇಡಿಕೆ ಅರ್ಥವಾಗುವುದು ಕಷ್ಟ. ಒಣಭೂಮಿಯ ಜೋಳ ಎಷ್ಟು ಒಳ್ಳೆಯದು, ನೀರು ಬಂದರೆ ಇವರೂ ಭತ್ತ ಹಚ್ಚಿಬಿಡುತ್ತಾರಲ್ಲ ಎಂದು ಮರುಗುವವರನ್ನು ಕಂಡಿದ್ದೇನೆ. ಹಚ್ಚಿದರೆ ಹಚ್ಚಲಿ. ಪಕ್ಕದ ಸಿಂಧನೂರಿನವನ ಗದ್ದೆ ಹಸಿರಾಗಿರುವಾಗ, ಬೇರೆಯವರ ತೂಕ ಇಳಿಯಲೆಂದು ಇವನು ಮುಗಿಲು ನೋಡುತ್ತ ಕೂರಬೇಕೆ? ಜೋಳವೇ ಬೇಕೆನ್ನುವವರು ಜೋಳದ ಬೆಲೆ ಮಾತಾಡಲಿ. 2024–25ರ ಮುಂಗಾರಿಗೆ ಕೇಂದ್ರ ಸರ್ಕಾರ ಮಾಲ್ದಂಡಿ ಜೋಳಕ್ಕೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 3,421 ರೂಪಾಯಿ, ಕಿಲೋಗೆ 34 ಚಿಲ್ಲರೆ. ಖರೀದಿ ಕೇಂದ್ರ ತಡವಾಗಿ ತೆರೆದರೆ ಅದೂ ಕೈಗೆ ಸಿಗದೆ ದಲಾಲಿ ಹೇಳಿದ ರೇಟಿಗೆ ಚೀಲ ಇಳಿಸಿ ಬರಬೇಕು. ನಿಮ್ಮ ಕಂದು ಪೊಟ್ಟಣವನ್ನು ತಿರುಗಿಸಿ ಅದರ ಮೇಲಿನ ಬೆಲೆಯನ್ನು ಕಿಲೋ ಲೆಕ್ಕಕ್ಕೆ ತನ್ನಿ, ಇದರ ಪಕ್ಕದಲ್ಲಿಟ್ಟು ಕಳೆಯಿರಿ.